ಎತ್ತಿಗೆ ಕಿವಿ ಇತ್ತು: ಗಾಣಕ್ಕೆ ಸೆನ್ಸರ್ ಹಚ್ಚುವ ಮುಂಚೆ ಒಂದಿಷ್ಟು ಇತಿಹಾಸ

ಕಳೆದ ಹಂಗಾಮಿನಲ್ಲಿ ಒಂದು ಸಂಜೆ ಮಮದಾಪುರದ ಗಾಣದ ಮನೆಯೊಂದರಲ್ಲಿ ಕೂತಿದ್ದೆವು. ಬಿಸಿ ಬೆಲ್ಲ ತಿನ್ನುವುದೇ ನಮ್ಮ ಉದ್ದೇಶವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಗಾಣದ ಮಾಲಕರು ನಮಗೆ ವರಸೆಯಲ್ಲಿ ಕಾಕಾ. ಕೊಪ್ಪರಿಗೆಯ ಕಡೆ ಒಂದು ಕಣ್ಣಿಟ್ಟುಕೊಂಡೇ ಮೊಬೈಲ್ ತೆಗೆದು ನಮ್ಮ ಮುಂದೆ ಹಿಡಿದರು.

"ಇದನ್ನೊಂದೀಟು ನೋಡ್ರೆಪಾ. ಸಾವಿರದ ಐನೂರಕ್ಕ ಸೆನ್ಸರ್ ಅಂತ. ಕೈ ಅಡ್ಡ ಬಂತಂದ್ರ ಮಶೀನ ಬಂದ್ ಆಗತೈತಂತ. ತರಸಲೇನು?"

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಅಣ್ಣ ಒಮ್ಮೆ ತಿರುಗಿ ನೋಡಿದರು. ಅವರ ಬಲಗೈಯ ತೋರುಬೆರಳು, ನಡುಬೆರಳು ಅರ್ಧಕ್ಕೇ ನಿಂತಿವೆ. ಬೇರೆ ಊರಿನ ಗಾಣದಲ್ಲಿ ಆದದ್ದು, ಕೆಲವು ವರ್ಷದ ಹಿಂದೆ. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ. ಅವರು ಕೇಳಿದ್ದು ಇಷ್ಟು: "ಹಂಗಾರ ಇದು ಇದ್ದಿದ್ರ ನನ್ನ ಬೆರಳ ಉಳೀತಿದ್ದುವೇನ್ರಿ?"

ಅವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ. ಕ್ಯಾಮೆರಾ, ವರದಿ, ಸುದ್ದಿ ಸಂಪಾದನೆ ಕಲಿತವರು ನಾವು, ಇಂಜಿನಿಯರುಗಳಲ್ಲ. ಆದರೆ ಹುಡುಕುತ್ತ ಹೋದಾಗ ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ ಎಂದು ಗೊತ್ತಾಯಿತು. ಅದರ ಒಂದು ತುದಿ ನಮ್ಮ ಗೋಕಾಕ ಫಾಲ್ಸಿನಲ್ಲೇ ಇದೆ.

ಎತ್ತು ನಿಲ್ಲುತ್ತಿತ್ತು

ನಮ್ಮ ಅಜ್ಜಂದಿರ ಗಾಣ ಎತ್ತಿನದು. ಎತ್ತು ಸುತ್ತ ತಿರುಗುತ್ತಿತ್ತು, ನಡುವೆ ಕೂತವರು ಕಬ್ಬು ಕೊಡುತ್ತಿದ್ದರು. ಮೊದಲು ಕಟ್ಟಿಗೆಯ ಗಾಣ, ಆಮೇಲೆ ಕಬ್ಬಿಣದ್ದು. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನೆ ಎಂಬ ಇಬ್ಬರು ಎತ್ತು ಎಳೆಯುವ ಕಬ್ಬಿಣದ ಗಾಣ ಮಾಡಿ ಮಾರಿದರು. ದೇಶದಲ್ಲಿ ಕಬ್ಬಿಣದ ಗಾಣ ಹಬ್ಬಿದ್ದು ಅಲ್ಲಿಂದ ಈಚೆಗೆ.

ಎತ್ತಿನ ಗಾಣದಲ್ಲೂ ಕೈ ಸಿಗುತ್ತಿತ್ತು. ಸಿಗಲಿಲ್ಲ ಎಂದರೆ ಅದು ಹಳೆಯ ಕಾಲವನ್ನು ಸುಮ್ಮನೆ ಹೊಗಳಿದಂತೆ. ಆದರೆ ಚೀರಿದರೆ ಎತ್ತು ಹೊಡೆಯುವವನಿಗೆ ಕೇಳುತ್ತಿತ್ತು. ಅವನು "ಹೋ" ಅಂದರೆ ಎತ್ತು ಒಂದೆರಡು ಹೆಜ್ಜೆಗೆ ನಿಲ್ಲುತ್ತಿತ್ತು. ಹಿಂದೆ ಸರಿಸಿ ಕೈ ಬಿಡಿಸಬಹುದಿತ್ತು. ಎತ್ತಿಗೆ ಕಿವಿ ಇತ್ತು. ಈ ಮಾತನ್ನು ನೆನಪಿಡಿ, ಮುಂದೆ ಇದರ ಮೇಲೇ ಎಲ್ಲ ನಿಂತಿದೆ.

ಇದೇ ರೋಲರ್ ಗಾಣ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ, ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ನೀರು, ಗಾಳಿ, ಕುದುರೆಗಳ ಬಲದಿಂದ ಹಗಲು ರಾತ್ರಿ ತಿರುಗುತ್ತಿತ್ತು. ಕಬ್ಬು ಕೊಡುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ನಿದ್ದೆಗಣ್ಣಲ್ಲಿ ಕೈ ಸಿಕ್ಕರೆ ಗಾಣ ನಿಲ್ಲಿಸಲು ಆಗುತ್ತಿರಲಿಲ್ಲ. ಅದಕ್ಕೇ ಗಾಣದ ಪಕ್ಕದಲ್ಲಿ ಒಂದು ಕೊಡಲಿ ಅಥವಾ ಮಚ್ಚು ಸದಾ ಸಿದ್ಧ ಇಡುತ್ತಿದ್ದರು. ಜೀವ ಉಳಿಸಲು ತೋಳು ಕಡಿಯುವುದಕ್ಕೆ. ಆ ಕಾಲದ ಹಲವು ಬರಹಗಳಲ್ಲಿ ಇದರ ದಾಖಲೆ ಇದೆ. ಫ್ರಾನ್ಸಿನ ವೋಲ್ಟೇರ್ 1759ರಲ್ಲಿ ಬರೆದ 'ಕಾಂದೀದ್' ಕಥೆಯಲ್ಲೂ ಸಕ್ಕರೆ ಗಾಣದಲ್ಲಿ ಕೈ ಕಳೆದುಕೊಂಡ ಸುರಿನಾಮಿನ ಗುಲಾಮನೊಬ್ಬ ಬರುತ್ತಾನೆ. ನಿಲ್ಲದ ಯಂತ್ರಕ್ಕೆ ಆ ಕಾಲ ಕಂಡುಕೊಂಡ 'ಸೇಫ್ಟಿ' ಆ ಕೊಡಲಿ.

ಫಾಲ್ಸಿನ ಹಗ್ಗ

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಬೀಳುತ್ತಾಳೆ. ಅಲ್ಲಿಯ ಗಿರಣಿ 1887ರಲ್ಲಿ ಸುರುವಾಯಿತು. ಶಾಲೆಯಲ್ಲಿ ನಾವೆಲ್ಲ ಕೇಳಿದ್ದು ಫಾಲ್ಸಿನ ಕರೆಂಟಿನ ಕಥೆ. ಇಲ್ಲಿ ಬೇಕಾದದ್ದು ಹಗ್ಗದ ಕಥೆ. ಕೆಳಗೆ ನೀರಿನ ಟರ್ಬೈನು, ಮೇಲೆ ಗಿರಣಿ. ಕೆಳಗಿನ ಬಲವನ್ನು ಮೇಲಕ್ಕೆ ಒಯ್ದದ್ದು ದೊಡ್ಡ ಗಾಲಿಗಳ ಮೇಲೆ ಓಡುವ ತಂತಿಹಗ್ಗ. ಈ ಹಗ್ಗದ ಪದ್ಧತಿಯನ್ನು 1850ರ ಸುಮಾರಿಗೆ ಫ್ರಾನ್ಸಿನ ಅಲ್ಸಾಸ್ ಸೀಮೆಯಲ್ಲಿ ಹಿರ್ನ್ ಎಂಬ ಅಣ್ಣತಮ್ಮಂದಿರು ಬಳಕೆಗೆ ತಂದಿದ್ದರು. ಇಂಗ್ಲಿಷ್ ಇಂಜಿನಿಯರಿಂಗ್ ಪುಸ್ತಕಗಳು ಈ ಪದ್ಧತಿಗೆ ಉದಾಹರಣೆ ಕೊಡುವಾಗ ಗೋಕಾಕದ ಹೆಸರನ್ನೂ ಹೇಳುತ್ತಿದ್ದವು.

ಆ ಕಾಲದ ಯಾವುದೇ ಗಿರಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಲ ಹುಟ್ಟುವುದು ಒಂದು ಕಡೆ. ಅಲ್ಲಿಂದ ಮಾಳಿಗೆಯ ಕೆಳಗೆ ಉದ್ದಕ್ಕೂ ತಿರುಗುವ ಕಬ್ಬಿಣದ ದಂಡಗಳು. ದಂಡದಿಂದ ಒಂದೊಂದು ಮಶೀನಿಗೂ ಇಳಿಯುವ ಚರ್ಮದ ಪಟ್ಟಾ. ನೂರಾರು ಮಶೀನು, ಒಂದೇ ಚಲನೆ. ಮಶೀನು ನಿಲ್ಲಿಸಬೇಕೆಂದರೆ ಪಟ್ಟಾವನ್ನು ಕೋಲಿನಿಂದ ಪಕ್ಕದ ಖಾಲಿ ಗಾಲಿಗೆ ಸರಿಸಬೇಕು. ಅದೂ ಎಷ್ಟೋ ಸಲ ತಾನೇ ಜಾರಿ ಮತ್ತೆ ಹಳೆ ಗಾಲಿಗೆ ಬಂದು, ನಿಂತಿದ್ದ ಮಶೀನು ಹಠಾತ್ತಾಗಿ ತಿರುಗುತ್ತಿತ್ತು. ಇನ್ನು ತಲೆಯ ಮೇಲಿನ ದಂಡಕ್ಕೆ ಧೋತರ ಸುತ್ತಿಕೊಂಡರೆ ನಿಲ್ಲಿಸಬೇಕಾದದ್ದು ಇಡೀ ಗಿರಣಿ. ಚೀರಿದ ದನಿ ಬಲ ಹುಟ್ಟುವ ಜಾಗಕ್ಕೆ ಮುಟ್ಟುವುದು ಯಾವಾಗ?

ಅದಕ್ಕೇ ಆ ಕಾಲದ ಕಾನೂನಿಗೆ ಹೊಳೆದ ದಾರಿ ಒಂದೇ: ಬೇಲಿ. ಇಂಗ್ಲೆಂಡಿನ 1844ರ ಕಾಯ್ದೆ ಅಪಾಯದ ಯಂತ್ರಭಾಗಗಳಿಗೆ ಬೇಲಿ ಹಾಕಿ ಎಂದಿತು. ಹತ್ತು ವರ್ಷ ಕಳೆದ ಮೇಲೆ ಇನ್‌ಸ್ಪೆಕ್ಟರ್ ಲಿಯೊನಾರ್ಡ್ ಹಾರ್ನರ್ 7 ಅಡಿಗಿಂತ ಎತ್ತರದಲ್ಲಿರುವ ದಂಡಗಳಿಗೂ ಬೇಲಿ ಬೇಕು ಎಂದಾಗ ಗಿರಣಿ ಮಾಲಕರು ಸಂಘ ಕಟ್ಟಿ ವಿರೋಧಿಸಿದರು. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ 'ಹೌಸ್‌ಹೋಲ್ಡ್ ವರ್ಡ್ಸ್' ವಾರಪತ್ರಿಕೆ ಆ ಸಂಘವನ್ನು ಲೇಖನದ ಮೇಲೆ ಲೇಖನ ಬರೆದು ಗೇಲಿ ಮಾಡಿತು. ಪತ್ರಿಕೋದ್ಯಮ ಓದಿದ ನಮಗೆ ಈ ಪ್ರಸಂಗ ಯಾವ ತರಗತಿಯಲ್ಲೂ ಸಿಗಲಿಲ್ಲ ಎನ್ನುವುದು ಬೇರೆ ಮಾತು.

ಹಿಂದೂಸ್ತಾನದ ಮೊದಲ ಫ್ಯಾಕ್ಟರಿ ಕಾಯ್ದೆ 1881ರದು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. 7 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, 12ರ ಒಳಗಿನವರನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು, ಅಪಾಯದ ಯಂತ್ರಕ್ಕೆ ಬೇಲಿ ಹಾಕಬೇಕು ಎಂದಿತು ಅದು. ಆದರೆ 100 ಜನ ಇದ್ದ ಕಡೆ ಮಾತ್ರ ಅನ್ವಯ. ವರ್ಷಕ್ಕೆ 4 ತಿಂಗಳಿಗಿಂತ ಕಡಿಮೆ ನಡೆಯುವ ಕಾರಖಾನೆ ಇದ್ದರೆ ಅದೂ ಹೊರಗೆ. ಹಂಗಾಮಿನ ಕೆಲಸ ಮಾಡುವ ನಮ್ಮಂಥ ಸೀಮೆಗೆ ಆ ಒಂದು ಸಾಲಿನ ಅರ್ಥ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

1884ರಲ್ಲಿ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳುತನದಲ್ಲಿ ಗಿರಣಿ ಕಾರ್ಮಿಕರು ಸಭೆ ಸೇರಿ ಬೇಡಿಕೆ ಇಟ್ಟರು. ರವಿವಾರದ ಸೂಟಿ ಎಲ್ಲರಿಗೂ ನೆನಪಿದೆ. ಆದರೆ ಆ ಪಟ್ಟಿಯಲ್ಲಿ ಇನ್ನೊಂದಿತ್ತು: ಕೆಲಸದಲ್ಲಿ ಪೆಟ್ಟಾದವರಿಗೆ ಗುಣವಾಗುವ ತನಕ ಪೂರ್ತಿ ಪಗಾರ, ಕಾಯಂ ಅಂಗ ಕಳೆದುಕೊಂಡವರಿಗೆ ಬದುಕುವ ವ್ಯವಸ್ಥೆ. ಇದು ಕಾನೂನಾಗಿ ಬಂದದ್ದು 1923ರಲ್ಲಿ. ಆ ಪರಿಹಾರ ಕಾನೂನಿಗೆ ಒಂದು ಪಟ್ಟಿ ಇತ್ತು. ತಿದ್ದುಪಡಿಗಳಾದ ಮೇಲೆ ಅದರಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ಹೋಯಿತೆಂದು ಲೆಕ್ಕ, ತೋರುಬೆರಳು ಪೂರ್ತಿ ಹೋದರೆ ಶೇ. 14, ಒಂದೇ ಕೈಯ 4 ಬೆರಳು ಹೋದರೆ ಶೇ. 50. ನಮ್ಮ ಗಾಣದ ಅಣ್ಣನಿಗೆ ಈ ಪಟ್ಟಿ ತೋರಿಸಿದೆವು. "ಹಿಂಗ ಒಂದು ಐತಿ ಅನ್ನೋದ ಯಾರೂ ಹೇಳಿಲ್ರಿ" ಅಂದರು. ಅವರಿಗೆ ಸಿಕ್ಕದ್ದು ಆಸ್ಪತ್ರೆ ಖರ್ಚು, ಅಷ್ಟೇ.

ನೂಲಿಗೆ ಸೆನ್ಸರ್ ಮೊದಲು ಬಂತು

ಹುಡುಕುವಾಗ ನಮ್ಮನ್ನು ಸಿಟ್ಟಿಗೆಬ್ಬಿಸಿದ ಒಂದು ಸಂಗತಿ ಇದೆ. ಯಂತ್ರಕ್ಕೆ 'ಮುಟ್ಟಿದರೆ ತಿಳಿಯುವ' ಬುದ್ಧಿ ಬಂದದ್ದು ಯಾವಾಗ? ನಾವು ಅದು ಕಂಪ್ಯೂಟರ್ ಕಾಲದ್ದು ಅಂದುಕೊಂಡಿದ್ದೆವು. ಅಲ್ಲ.

1841ರ ಸುಮಾರಿಗೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನಲ್ಲಿ ವಿಲಿಯಂ ಕೆನ್‌ವರ್ದಿ, ಜೇಮ್ಸ್ ಬುಲ್ಲೊ ಎಂಬವರು ಮಗ್ಗಕ್ಕೆ ಒಂದು ಸಾಧನ ಹಚ್ಚಿದರು. ಅಡ್ಡ ನೂಲು ಹರಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ನೂಲು ಇದೆಯೋ ಇಲ್ಲವೋ ಎಂದು ಒಂದು ಸಣ್ಣ ಕಬ್ಬಿಣದ ಮುಳ್ಳುಚಮಚ ಪ್ರತಿ ಸಲ ಮುಟ್ಟಿ ನೋಡುತ್ತಿತ್ತು. 1890ರ ದಶಕದಲ್ಲಿ ಅಮೆರಿಕದ ನಾರ್ತ್ರಪ್ ಮಗ್ಗ ಬಂದಾಗ ಉದ್ದ ನೂಲು ಹರಿದರೂ ನಿಲ್ಲುವ ವ್ಯವಸ್ಥೆ ಬಂತು. ಒಂದೊಂದು ಎಳೆಗೂ ಒಂದೊಂದು ತೆಳು ಪಟ್ಟಿ ತೂಗುಬಿಟ್ಟಿದ್ದರು. ಎಳೆ ಹರಿದರೆ ಪಟ್ಟಿ ಕೆಳಗೆ ಬಿದ್ದು ಮಗ್ಗ ನಿಲ್ಲಿಸುತ್ತಿತ್ತು. ನೂಲುವ ಗಿರಣಿಗಳಲ್ಲಿ ಇದನ್ನೇ ವಿದ್ಯುತ್ತಿನಿಂದ ಮಾಡಿದರು. ಎರಡು ರೋಲರುಗಳ ನಡುವೆ ಹತ್ತಿ ಇರುವ ತನಕ ಕರೆಂಟು ಹರಿಯದು. ಹತ್ತಿ ಹರಿದರೆ ರೋಲರಿಗೆ ರೋಲರು ತಾಗಿ ಕರೆಂಟು ಹರಿದು ಮಶೀನು ಬಂದ್.

ಇದು ಸೆನ್ಸರ್ ಅಲ್ಲದೆ ಮತ್ತೇನು?

ಅದೇ ಕೆಲಸವನ್ನು ಮನುಷ್ಯನ ಕೈಗಾಗಿ ಮಾಡುವ ಬೆಳಕಿನ ಪರದೆ ಬಂದದ್ದು 1950ರ ದಶಕದ ಆರಂಭದಲ್ಲಿ, ಜರ್ಮನಿಯಲ್ಲಿ. ಎರ್ವಿನ್ ಜಿಕ್ ಎಂಬ ಸಂಶೋಧಕ ಅದನ್ನು ಹ್ಯಾನೋವರಿನ ಯಂತ್ರಗಳ ಜಾತ್ರೆಯಲ್ಲಿ ತೋರಿಸಿದ. ಮಶೀನಿನ ಬಾಯಿಗೆ ಅಡ್ಡಲಾಗಿ ಬೆಳಕು, ಕೈ ಅಡ್ಡ ಬಂದು ಬೆಳಕು ಕತ್ತರಿಸಿದರೆ ಮಶೀನು ನಿಲ್ಲಬೇಕು. ನೂಲಿಗೂ ಕೈಗೂ ನಡುವೆ ಸುಮಾರು 110 ವರ್ಷದ ಅಂತರ.

ಮಾಲಕರೆಲ್ಲ ಕ್ರೂರಿಗಳಾಗಿದ್ದರು ಎನ್ನುವುದಲ್ಲ ನಮ್ಮ ವಾದ. ಹರಿದ ನೂಲಿನಿಂದ ಕೆಟ್ಟ ಬಟ್ಟೆಯ ಲುಕ್ಸಾನು ಅದೇ ದಿನದ ಲೆಕ್ಕದ ಪುಸ್ತಕದಲ್ಲಿ ಬರುತ್ತಿತ್ತು. ಹರಿದ ಬೆರಳಿನ ಲುಕ್ಸಾನು ಕೂಲಿಕಾರನ ಮನೆಯ ಲೆಕ್ಕದಲ್ಲಿ ಬರುತ್ತಿತ್ತು.

ಊರಿಗೆ ಮೋಟರು ಬಂತು

ಬೆಳಗಾವಿಗೂ ಯಂತ್ರಕ್ಕೂ ಹಳೆಯ ನಂಟು. 1888ರಲ್ಲಿ ಅಲ್ಲಿ ಸೈಕಲ್ ಅಂಗಡಿ ಇಟ್ಟ, ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮೊದಮೊದಲು ತಯಾರಿಸಿದ ಸಾಮಾನುಗಳಲ್ಲಿ ಮೇವು ಕತ್ತರಿಸುವ ಮಶೀನೂ ಒಂದು. 1910ರಲ್ಲಿ ಅವರು ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಕಾಲದ ಮೇವಿನ ಮಶೀನು ಕೈಯಿಂದ ತಿರುಗಿಸುವಂಥದ್ದು. ತಿರುಗಿಸುವವರು ಕೈ ಬಿಟ್ಟರೆ ನಿಲ್ಲುತ್ತಿತ್ತು.

1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ಸಂಘಗಳಲ್ಲಿ ಅದೊಂದು. ರೈತರೇ ಸದಸ್ಯರಾಗಿ ಕರೆಂಟು ಹಂಚಿಕೊಂಡ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು, ಬರೆಯುತ್ತೇವೆ. ಇಲ್ಲಿಗೆ ಬೇಕಾದದ್ದು ಇಷ್ಟು: ಗೋಕಾಕ, ಹುಕ್ಕೇರಿ ಸೀಮೆಯ ಊರುಗಳಿಗೆ ಕರೆಂಟು ಬಂದ ಮೇಲೆ ಬಾವಿಗೆ ಮೋಟರು, ಹಿಟ್ಟಿನ ಗಿರಣಿಗೆ ಮೋಟರು, ಮೇವಿನ ಮಶೀನಿಗೆ ಮೋಟರು, ಗಾಣಕ್ಕೆ ಮೋಟರು. ಒಂದೊಂದು ಮಶೀನಿಗೂ ತನ್ನದೇ ಮೋಟರು, ತನ್ನದೇ ಬಟನ್ನು. ಇಡೀ ಗಿರಣಿ ನಿಲ್ಲಿಸದೆ ಒಂದೇ ಮಶೀನು ನಿಲ್ಲಿಸಬಹುದು. ಸೆನ್ಸರ್ ಎಂಬ ವಿಚಾರಕ್ಕೆ ಅರ್ಥ ಬಂದದ್ದೇ ಇಲ್ಲಿಂದ. ಆದರೆ ಬಟನ್ನು ಗೋಡೆಯ ಮೇಲೆ, ಕೈ ಮಶೀನಿನ ಬಾಯಿಯಲ್ಲಿ.

1948ರ ಫ್ಯಾಕ್ಟರಿ ಕಾಯ್ದೆ ಹಳೆಯ ಪಾಠಗಳನ್ನೆಲ್ಲ ಒಟ್ಟು ಮಾಡಿತ್ತು. 21ನೇ ಕಲಮು ಬೇಲಿಯದು. 22ನೇ ಕಲಮಿನ ಪ್ರಕಾರ ಓಡುತ್ತಿರುವ ಯಂತ್ರದ ಹತ್ತಿರ ತರಬೇತಿ ಆದವರು ಮಾತ್ರ ಹೋಗಬೇಕಿತ್ತು, ಅವರು ಬಿಗಿಯಾದ ಬಟ್ಟೆ ತೊಡಬೇಕಿತ್ತು, ಆ ಬಟ್ಟೆಯನ್ನು ಮಾಲಕರೇ ಕೊಡಬೇಕಿತ್ತು. 24ನೇ ಕಲಮು ಪಟ್ಟಾ ತಾನಾಗಿ ಜಾರಿ ಮಶೀನು ಸುರುವಾಗಬಾರದು ಎನ್ನುತ್ತಿತ್ತು. ಆದರೆ ಕಾಯ್ದೆ ಹಿಡಿಯುತ್ತಿದ್ದುದು ಕರೆಂಟು ಬಳಸುವಲ್ಲಿ 10 ಜನ ಇದ್ದರೆ. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆ ಈ ಅಂಕಿಯನ್ನು 20ಕ್ಕೆ ಏರಿಸಿತು. ಗಾಣದಲ್ಲಿ ಎಷ್ಟು ಜನ ಇರುತ್ತಾರೆ, ನೀವೇ ಎಣಿಸಿ.

ಹೊಲದ ಯಂತ್ರಕ್ಕೆಂದೇ ಒಂದು ಕಾನೂನು ಬಂದದ್ದು 1983ರಲ್ಲಿ. ಅದರ ಹೆಸರೇ ಅಪಾಯಕಾರಿ ಯಂತ್ರಗಳ ಕಾಯ್ದೆ. ಪಂಜಾಬ, ಹರಿಯಾಣದ ಕಡೆ ಗೋದಿ ರಾಶಿ ಮಾಡುವ ಮಶೀನುಗಳು ಹಂಗಾಮಿಗೊಮ್ಮೆ ಕೈಗಳನ್ನು ತಿನ್ನುತ್ತಿದ್ದವು. ರಾತ್ರಿ ಕೆಲಸ, ಬಿಡುವಿಲ್ಲ, ಬಾಯಿ ಗಿಡ್ಡ. ಅದಕ್ಕೆ ಹುಡುಕಿದ ಪರಿಹಾರ ಸೆನ್ಸರ್ ಅಲ್ಲ, ತಗಡು. ಪೈರು ಹಾಕುವ ತೊಟ್ಟಿ ಕನಿಷ್ಠ 900 ಮಿಲಿಮೀಟರ್ ಉದ್ದ ಇರಬೇಕು, ಅದರಲ್ಲಿ 450 ಮಿಲಿಮೀಟರ್ ಮೇಲಿಂದ ಮುಚ್ಚಿರಬೇಕು ಎಂದು ರಾಶಿ ಮಶೀನಿನ ಭಾರತೀಯ ಮಾನಕ ಹೇಳುತ್ತದೆ. 900 ಮಿಲಿಮೀಟರ್ ಅಂದರೆ ಹತ್ತಿರ ಹತ್ತಿರ 3 ಅಡಿ. ಭುಜದಿಂದ ಬೆರಳ ತುದಿಯವರೆಗಿನ ಅಳತೆಗಿಂತ ಹೆಚ್ಚು. ಕೈ ಚಾಚಿದರೂ ಹಲ್ಲಿಗೆ ಸಿಗುವುದಿಲ್ಲ. ಅಷ್ಟೇ ಅದರ ಗುಟ್ಟು.

ಸೆನ್ಸರ್ ಆರಿಸುವ ಮುಂಚೆ ಗಡಿಯಾರ ನೋಡಿ

ಈಗ ಕಾಕಾನ ಪ್ರಶ್ನೆಗೆ ಬರೋಣ. ಮೊಬೈಲಿನಲ್ಲಿ ತೋರಿಸಿದ ಆ ಸೆನ್ಸರ್ ಕೈಯನ್ನು ಕಾಣುತ್ತದೆಯೇ? ಕಾಣಬಹುದು. ಆದರೆ ಕಂಡ ಮೇಲೆ ಏನು?

ಮಾರನೆಯ ದಿನ ಕಾಕಾ ನಮ್ಮ ಮಾತಿಗೆ ಕಬ್ಬು ಕೊಡುವುದನ್ನು ನಿಲ್ಲಿಸಿ ಖಾಲಿ ಗಾಣದ ಮೋಟರು ಬಂದ್ ಮಾಡಿದರು. ನಾವು ಎಣಿಸಿದೆವು. ಒಂದು, ಎರಡು, ಮೂರು, ನಾಲ್ಕು. ದೊಡ್ಡ ಗಾಲಿ ಇನ್ನೂ ತಿರುಗುತ್ತಲೇ ಇತ್ತು.

ಲೆಕ್ಕ ಹೀಗೆ. ರೋಲರಿನ ಅಗಲ 10 ಇಂಚು, ನಿಮಿಷಕ್ಕೆ 10 ಸುತ್ತು ಎಂದಿಟ್ಟುಕೊಳ್ಳಿ. ನೋಡುವವರಿಗೆ ಅದು ಆಮೆಯಂತೆ ಕಾಣುತ್ತದೆ. ಆದರೆ ಸೆಕೆಂಡಿಗೆ 5 ಇಂಚು ಒಳಗೆ ಎಳೆಯುತ್ತದೆ. ಬೆರಳ ತುದಿಯಿಂದ ಮೊಣಕೈಗೆ ಸುಮಾರು 18 ಇಂಚು. 4 ಸೆಕೆಂಡು ಮುಗಿಯುವುದರೊಳಗೆ ಮೊಣಕೈ ಒಳಗೆ. ನಿಲ್ಲುವಾಗ ನಿಧಾನವಾಗುತ್ತದೆ ಎಂದು ಅರ್ಧ ಹಿಡಿದರೂ ಅಂಗೈ ಪೂರ್ತಿ ಹೋಯಿತು.

ಬೆಳಕಿನ ಸೆನ್ಸರನ್ನು ಎಷ್ಟು ದೂರದಲ್ಲಿ ಹಚ್ಚಬೇಕು ಎಂಬುದಕ್ಕೆ ಜಗತ್ತಿನ ಕಾರಖಾನೆಗಳೆಲ್ಲ ಬಳಸುವ ಒಂದು ಸೂತ್ರ ಇದೆ. ಐಎಸ್ಒ 13855 ಎಂಬ ಮಾನಕದಲ್ಲಿ ಬರುತ್ತದೆ. ಮನುಷ್ಯನ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಚಾಚುತ್ತದೆ ಎಂದು ಹಿಡಿಯುತ್ತಾರೆ. ಸೆನ್ಸರ್ ಕಂಡು, ಸುದ್ದಿ ಮುಟ್ಟಿಸಿ, ಮಶೀನು ಪೂರ್ತಿ ನಿಲ್ಲಲು ಎಷ್ಟು ಸೆಕೆಂಡು ಬೇಕೋ ಅದರಿಂದ ಗುಣಿಸಬೇಕು. ಮೇಲೆ ಇನ್ನಷ್ಟು ಅಂತರ ಸೇರಿಸಬೇಕು. ಮಶೀನು 0.3 ಸೆಕೆಂಡಿನಲ್ಲಿ ನಿಂತರೆ ಸೆನ್ಸರ್ 0.6 ಮೀಟರ್, ಅಂದರೆ 2 ಅಡಿ ಈಚೆಗೆ ಇರಬೇಕು. 4 ಸೆಕೆಂಡು ಬೇಕಾದರೆ? 8 ಮೀಟರ್. ದೂರದ ಅಳತೆಗೆ ಕೈಯ ಬದಲು ನಡಿಗೆಯ ವೇಗ ಹಿಡಿಯಲು ಮಾನಕ ಒಪ್ಪುತ್ತದೆ, ಸೆಕೆಂಡಿಗೆ 1.6 ಮೀಟರ್, ಆಗಲೂ 6.4 ಮೀಟರ್, 21 ಅಡಿ. ಅಷ್ಟು ದೂರದಿಂದ ಕಬ್ಬು ಕೊಡಬಲ್ಲ ಕೈ ಇನ್ನೂ ಹುಟ್ಟಿಲ್ಲ.

ಇನ್ನೊಂದು ತೊಡಕು. ಗಾಣದ ಬಾಯಿಯಲ್ಲಿ ಕಬ್ಬು ಸದಾ ಹೋಗುತ್ತಲೇ ಇರುತ್ತದೆ. ಬೆಳಕಿನ ಸೆನ್ಸರಿಗೆ ಕಬ್ಬೂ ಒಂದೇ, ಕೈಯೂ ಒಂದೇ. ಕಬ್ಬಿಗೆಲ್ಲ ನಿಲ್ಲುತ್ತಿದ್ದರೆ ಎರಡನೇ ದಿನ ಯಾರೋ ಅದರ ವೈರು ಕಿತ್ತು ಹಾಕುತ್ತಾರೆ. 'ಪ್ರಾಕ್ಸಿಮಿಟಿ' ಎಂದು ಮಾರುವ ಅಗ್ಗದ ಸೆನ್ಸರುಗಳಲ್ಲಿ ಬಹಳಷ್ಟು ಲೋಹವನ್ನು ಮಾತ್ರ ಗುರುತಿಸುತ್ತವೆ. ಅವು ಬೆಳ್ಳಿ ಕಡಗ ಕಂಡಾವು, ಕೈ ಕಾಣವು.

ಅದಕ್ಕೇ ಸೆನ್ಸರ್ ಆರಿಸುವುದು ಅಂಗಡಿಯಲ್ಲಿ ಸುರುವಾಗುವುದಿಲ್ಲ, ಮಶೀನಿನ ಮುಂದೆ ಸುರುವಾಗುತ್ತದೆ. ನಮ್ಮ ಹುಡುಗರು ಕೆಲಸಕ್ಕೆ ಹೋಗುವ ಬೆಳಗಾವಿಯ ಉದ್ಯಮಬಾಗದಂಥ ಕಡೆ ತಗಡು ಕತ್ತರಿಸುವ ಪ್ರೆಸ್ಸುಗಳನ್ನೇ ನೋಡಿ. ಹೊರಗಿಂದ ಎರಡು ಪ್ರೆಸ್ಸು ಒಂದೇ ತರಹ. ಒಂದರ ಕ್ಲಚ್ಚು ನಡುವೆಯೇ ಬಿಟ್ಟು ಬ್ರೇಕು ಹಿಡಿಯುವಂಥದ್ದು. ಅದಕ್ಕೆ ಬೆಳಕಿನ ಪರದೆ ಹಚ್ಚಬಹುದು. ಇನ್ನೊಂದು ಹಳೆಯ ಕೀಲಿ ಕ್ಲಚ್ಚಿನದು. ಒಮ್ಮೆ ಪೆಡಲು ಒತ್ತಿದರೆ ಒಂದು ಸುತ್ತು ಮುಗಿಸಿಯೇ ನಿಲ್ಲುತ್ತದೆ. ಲಕ್ಷ ರೂಪಾಯಿಯ ಪರದೆ ಹಚ್ಚಿದರೂ ಅದು ಕೈ ಹೋಗುವುದನ್ನು ನೋಡುತ್ತ ನಿಲ್ಲುತ್ತದೆ. ಅದಕ್ಕೆ ಕೈ ಹೋಗದಂಥ ಗೂಡೇ ಬೇಕು. ಕೆಲಸಕ್ಕೆ ಸೇರುವ ತಮ್ಮಂದಿರು ಮೊದಲ ದಿನವೇ "ಇದು ನಡುವೆ ನಿಲ್ಲತೈತೇನ್ರಿ?" ಎಂದು ಕೇಳಿ. ನಾಚಿಕೆ ಬೇಡ.

ಊರಿನ ಮಶೀನುಗಳಿಗೆ ಹಚ್ಚಲು ತಕ್ಕ ಸೆನ್ಸರುಗಳೇ ಇಲ್ಲವೆ? ಇವೆ, ಆದರೆ ಅವು ಬಾಯಿಯಲ್ಲಿ ಇರುವಂಥವಲ್ಲ. ಮೇವಿನ ಮಶೀನಿನ ಅಲಗಿನ ಮುಚ್ಚಳಕ್ಕೆ ಒಂದು ಸ್ವಿಚ್ಚು. ಮುಚ್ಚಳ ತೆರೆದಿದ್ದರೆ ಮೋಟರು ಸುರುವಾಗಬಾರದು. ಹತ್ತಿ ಬಡಿಯುವ ಯಂತ್ರಗಳಲ್ಲಿ ಈ ವಿಚಾರ ಬಹಳ ಹಳೆಯದು, ಒಳಗಿನ ಬಡಿಗ ಪೂರ್ತಿ ನಿಲ್ಲುವ ತನಕ ಮುಚ್ಚಳದ ಬೀಗ ಬಿಡದಂತೆ ಮಾಡುತ್ತಿದ್ದರು. ಗಾಣದಲ್ಲಿ ಕಬ್ಬು ಕೊಡುವವರ ಎದೆಯ ಮುಂದೆ ಒಂದು ಹಗ್ಗ ಅಥವಾ ಸರಳು. ಕೈ ಸಿಕ್ಕ ಮನುಷ್ಯ ಮುಂದಕ್ಕೆ ಬಿದ್ದರೆ ಅವನ ಮೈಭಾರಕ್ಕೇ ಮೋಟರು ಬಂದ್ ಆಗಬೇಕು. ಜೊತೆಗೆ ಮೋಟರಿಗೆ ಬ್ರೇಕು. ಬ್ರೇಕಿಲ್ಲದ ಸೆನ್ಸರ್ ಲಗಾಮಿಲ್ಲದ ಬಂಡಿಗೆ ಗಂಟೆ ಕಟ್ಟಿದಂತೆ. ಮತ್ತು ಸಿಕ್ಕ ಕೈ ಬಿಡಿಸಲು ರೋಲರನ್ನು ಹಿಂದಕ್ಕೆ ತಿರುಗಿಸುವುದು ಹೇಗೆ ಎಂದು ಅಲ್ಲಿ ಇರುವ ಎಲ್ಲರಿಗೂ ಮೊದಲೇ ಗೊತ್ತಿರಬೇಕು.

ವೈರಿನ ಬಗ್ಗೆ ಒಂದು ಮಾತು, ಇದು ಎಲೆಕ್ಟ್ರಿಶಿಯನ್ನರಿಗೆ ತೋರಿಸಿ. ಇಲಿ ವೈರು ಕಡಿದರೆ ಮಶೀನು ನಿಲ್ಲಬೇಕು. ಇಲಿ ಕಡಿದ ಮೇಲೂ ಮಶೀನು ಓಡಿ, ಸ್ವಿಚ್ಚು ಮಾತ್ರ ಸತ್ತು ಬಿದ್ದಿದ್ದರೆ ಅದು ತಪ್ಪು ಜೋಡಣೆ. ಸುರಕ್ಷತೆಗೆಂದೇ ಮಾಡಿದ ಸೆನ್ಸರಿಗೂ ಸಾವಿರದ ಐನೂರರ ಸೆನ್ಸರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಮೊದಲನೆಯದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ತನಗೆ ಕಣ್ಣು ಕಾಣದಿದ್ದರೆ ಮಶೀನು ನಿಲ್ಲಿಸುತ್ತದೆ. ಎರಡನೆಯದರ ಮೇಲೆ ಕಬ್ಬಿನ ಹಾಲು ಸಿಡಿದು, ಬೂದಿ ಕೂತು ಕುರುಡಾದರೂ ಯಾರಿಗೂ ಹೇಳುವುದಿಲ್ಲ.

ಇನ್ನು ಆಟೋ ಸ್ಟಾರ್ಟರ್. ರಾತ್ರಿ ಕರೆಂಟು ಬಂದಾಗ ಪಂಪು ತಾನೇ ಸುರುವಾಗಲಿ ಎಂದು ನಮ್ಮ ಕಡೆ ಹಚ್ಚುವುದುಂಟು. ಬಾವಿಗೆ ಅದು ಸರಿ. ಅದೇ ಬೋರ್ಡಿನಿಂದ ಗಾಣಕ್ಕೆ, ಮೇವಿನ ಮಶೀನಿಗೆ ವೈರು ಎಳೆದಿದ್ದರೆ ಇಂದೇ ತೆಗೆಸಿ. ಕರೆಂಟು ಹೋಗಿದೆ ಎಂದು ಒಳಗೆ ಸಿಕ್ಕ ಸಿಪ್ಪೆ ತೆಗೆಯಲು ಕೈ ಹಾಕಿದಾಗಲೇ ಕರೆಂಟು ಬರುತ್ತದೆ. ಪಟ್ಟಾ ಜಾರಿ ಮಶೀನು ತಾನೇ ಸುರುವಾಗುತ್ತಿದ್ದ ಹಳೆಯ ಗಿರಣಿಯ ಅಪಾಯವೇ ಇದು, ಹೊಸ ಡಬ್ಬಿಯಲ್ಲಿ ಬಂದಿದೆ.

ಕಬ್ಬು ಕೊಡುವ ಅಣ್ಣನ ಪ್ರಶ್ನೆಗೆ ಉತ್ತರ ಹೇಳಲು ಮತ್ತೆ ಹೋದೆವು. ಆ ಸೆನ್ಸರ್ ಇದ್ದಿದ್ದರೆ ನಿಮ್ಮ ಬೆರಳು ಉಳಿಯುತ್ತಿರಲಿಲ್ಲ. 3 ಅಡಿ ತಗಡು ಇದ್ದಿದ್ದರೆ ಉಳಿಯುತ್ತಿದ್ದವು. ಹೀಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗಡಿನ ರೊಕ್ಕ ಎಷ್ಟ ಆಗತಿತ್ತು?" ಎಂದು ಕೇಳಿದರು.

ಕಾಕಾ ಸೆನ್ಸರ್ ತರಿಸಲಿಲ್ಲ. ಅದಕ್ಕೆ ತೆಗೆದಿಟ್ಟ ರೊಕ್ಕಕ್ಕೆ ಇನ್ನಷ್ಟು ಸೇರಿಸಿ ವೆಲ್ಡಿಂಗ್ ಅಂಗಡಿಯಲ್ಲಿ ಉದ್ದನೆಯ ತೊಟ್ಟಿ ಮಾಡಿಸಿದರು, ಒಳಗಿನ ಅರ್ಧಕ್ಕೆ ಮುಚ್ಚಳ, ಬೋಲ್ಟು ಹಾಕಿ ಬಿಗಿದದ್ದು. ಎದೆಯ ಮಟ್ಟಕ್ಕೆ ಹಗ್ಗದ ಸ್ವಿಚ್ಚು ಬಂದಿದೆ. ಬ್ರೇಕು ಇನ್ನೂ ಬಂದಿಲ್ಲ, ಮುಂದಿನ ಹಂಗಾಮಿಗೆ ಅಂದಿದ್ದಾರೆ. ಮೊದಲ ವಾರ ಕಬ್ಬು ಕೊಡುವುದು ನಿಧಾನವಾಯಿತೆಂದು ಎಲ್ಲರದೂ ತಕರಾರು. ಅಣ್ಣ ಒಂದೇ ಒಂದು ತಿದ್ದುಪಡಿ ಕೇಳಿದರು: ತೊಟ್ಟಿಯ ಬಾಯಿ ನಾಲ್ಕು ಬೆರಳು ಮೇಲೆ ಬರಬೇಕು, ಬಗ್ಗಿ ಬಗ್ಗಿ ನಡ ನೋಯುತ್ತದೆ. ಅದನ್ನೂ ಮಾಡಿಸಿದ್ದಾರೆ.